‘ಒಂದು ಇಂಜೆಕ್ಷನ್ ಕೊಟ್ಟುಬಿಡಿ’ ಅಂದಾಗ ನಾನು ಏನು ಮಾಡುತ್ತೇನೆ

ನರಳುವ ಪ್ರಾಣಿಗೆ ಸಾವಿನ ಇಂಜೆಕ್ಷನ್ ಕೊಡಿ ಅಂತ ನಾಯಿ ಸಾಕಿದವರು ಬೇಗ ಕೇಳುತ್ತಾರೆ. ಹಸು ಸಾಕಿದವರು ಕೇಳುವುದೇ ಇಲ್ಲ. ದಯಾಮರಣದ ವಿಷಯದಲ್ಲಿ ನನ್ನ ತಲೆನೋವೆಲ್ಲ ಹೆಚ್ಚುಕಮ್ಮಿ ಇಷ್ಟೇ. ಮೊದಲು ಹಾಸನ ಜಿಲ್ಲೆಯ ಒಂದು ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಬೆಳಗಿನಿಂದ ಸಂಜೆವರೆಗೆ ದನ, ಎಮ್ಮೆ, ಕುರಿ. ಈಗ ಮೈಸೂರಿನಲ್ಲಿ ಸಣ್ಣ ಕ್ಲಿನಿಕ್ ಇದೆ. ಇಲ್ಲಿ ನಾಯಿ, ಬೆಕ್ಕೇ ಜಾಸ್ತಿ. ಆದರೂ ಹಳೇ ಪರಿಚಯದ ರೈತರು ಫೋನ್ ಮಾಡುತ್ತಾರೆ, ಹೋಗುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ, ಮೇಡಂ, ಯಾವಾಗ ಕೊಡ್ತೀರಿ, ಯಾವಾಗ ಕೊಡಲ್ಲ, ಹೇಗೆ ತೀರ್ಮಾನ ಮಾಡ್ತೀರಿ ಅಂತ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಎಲ್ಲರೂ ಒಪ್ಪಬೇಕು ಅಂತೇನಿಲ್ಲ.

ನನ್ನದು ಒಂದೇ ಕ್ರಮ. ಮೊದಲು ಪ್ರಾಣಿಯ ನೋವು ಕಡಿಮೆ ಮಾಡುತ್ತೇನೆ, ಇಂಜೆಕ್ಷನ್ ಮಾತೆಲ್ಲ ಆಮೇಲೆ. ಕೇಳಲು ಇದು ತೀರಾ ಸಾಮಾನ್ಯ ಅನ್ನಿಸಬಹುದು. ಆದರೆ ನಾಯಿ ಟೇಬಲ್ ಮೇಲೆ ಒದ್ದಾಡುತ್ತಿರುವಾಗ ಮನೆಯವರಿಗೆ ಯೋಚನೆ ಮಾಡಲು ಆಗುವುದಿಲ್ಲ. ಆ ಒದ್ದಾಟ ಈ ಕ್ಷಣ ನಿಲ್ಲಬೇಕು, ಅಷ್ಟೇ ಅವರ ತಲೆಯಲ್ಲಿರುವುದು. ಒಳ್ಳೆಯ ನೋವಿನ ಔಷಧ ಕೊಟ್ಟು, ಬೇಕಿದ್ದರೆ ಮಂಪರು ಬರಿಸಿ, ಡ್ರಿಪ್ ಹಾಕಿ ಅರ್ಧ ಗಂಟೆ ಬಿಟ್ಟರೆ ನಾಯಿ ಕಣ್ಣು ಮುಚ್ಚಿ ಮಲಗುತ್ತದೆ. ಆಗ ಅದೇ ಮನೆಯವರು ಬೇರೆ ಜನರ ಹಾಗೆ ಮಾತಾಡುತ್ತಾರೆ. ಕೆಲವರು ನಿರ್ಧಾರ ಬದಲಿಸುತ್ತಾರೆ. ಬದಲಿಸದವರೂ ಸಮಾಧಾನದಿಂದ ಹೇಳುತ್ತಾರೆ.

ಹುಳ ಬಿದ್ದ ನಾಯಿಗಳ ಕತೆ ಹೇಳಲೇಬೇಕು. ಮಳೆಗಾಲದಲ್ಲಿ ಇವು ಜಾಸ್ತಿ. ಕಿವಿ ಹಿಂದೆ ಸಣ್ಣ ಗಾಯ ಆಗಿರುತ್ತದೆ, ನೊಣ ಮೊಟ್ಟೆ ಇಡುತ್ತದೆ, ಎರಡು ಮೂರು ದಿನದಲ್ಲಿ ಬೆರಳು ತೂರುವಷ್ಟು ತೂತು. ವಾಸನೆ ಹೇಗಿರುತ್ತದೆ ಅಂದರೆ ಮುಂದೆ ಕೂತವರು ಎದ್ದು ಹೊರಗೆ ಹೋಗುತ್ತಾರೆ. ತಂದವರು ಮೂಗಿಗೆ ಕರ್ಚೀಫ್ ಇಟ್ಟುಕೊಂಡೇ ‘ಪಾಪ ನೋಡಕ್ಕಾಗ್ತಿಲ್ಲ ಮೇಡಂ, ಮಲಗಿಸಿಬಿಡಿ’ ಅನ್ನುತ್ತಾರೆ. ನಾನು ಮಲಗಿಸುತ್ತೇನೆ, ಅರಿವಳಿಕೆ ಕೊಟ್ಟು. ಸುತ್ತ ಕೂದಲು ತೆಗೆದು, ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿ ಇಟ್ಟರೆ ಹುಳಗಳು ತಾವೇ ಮೇಲೆ ಬರುತ್ತವೆ. ಫೋರ್ಸೆಪ್ಸ್‌ನಿಂದ ಒಂದೊಂದಾಗಿ ತೆಗೆದು ಕಿಡ್ನಿ ಟ್ರೇಗೆ ಹಾಕುವುದು. ಆಮೇಲೆ ಹುಳ ಸಾಯಿಸುವ ಔಷಧ ಐವರ್ಮೆಕ್ಟಿನ್. (ಕೋಲಿ ಜಾತಿಯ ನಾಯಿಗೆ ಅದು ಬೇಡ.) ವಾರ ಹತ್ತು ದಿನದಲ್ಲಿ ಗಾಯ ಕೆಂಪಗೆ ತುಂಬಿಕೊಂಡು ಬರುತ್ತದೆ. ಹೆಣ್ಣುನಾಯಿಯ ಹಿಂದಿನಿಂದ ರಕ್ತ ಸೋರುವ ಗೆಡ್ಡೆಯೂ ಹೀಗೆಯೇ. ಕ್ಯಾನ್ಸರ್ ಅಂತ ಯಾರೋ ಹೇಳಿರುತ್ತಾರೆ, ಇವರು ಇಂಜೆಕ್ಷನ್ ಕೇಳಿಕೊಂಡು ಬಂದಿರುತ್ತಾರೆ. ಅದು ಒಂದು ನಾಯಿಯಿಂದ ಇನ್ನೊಂದಕ್ಕೆ ಜೊತೆಗೂಡುವಾಗ ಅಂಟುವ ಗೆಡ್ಡೆಯಾಗಿದ್ದರೆ ವಾರಕ್ಕೊಂದರಂತೆ ಕೆಲವು ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿಗೆ ಕರಗಿ ಹೋಗುತ್ತದೆ. ಇವೆರಡು ಕಾಯಿಲೆಗೂ ನನ್ನ ಕ್ಲಿನಿಕ್ಕಿನಲ್ಲಿ ಸಾವಿನ ಇಂಜೆಕ್ಷನ್ ಇಲ್ಲ. ಇದರಲ್ಲಿ ಧರ್ಮಸಂಕಟ ಏನೂ ಇಲ್ಲ, ಸುಮ್ನೆ ಸರಿಯಾಗಿ ನೋಡಬೇಕು ಅಷ್ಟೆ.

ಸಂಕಟ ಶುರುವಾಗುವುದು ದುಡ್ಡಿನ ವಿಷಯ ಬಂದಾಗ. ವಾಸಿಯಾಗುವ ಕಾಯಿಲೆ, ಆದರೆ ವಾಸಿ ಮಾಡಿಸಲು ಮನೆಯವರ ಹತ್ತಿರ ದುಡ್ಡಿಲ್ಲ. ತೊಡೆಮೂಳೆ ಮುರಿದಿದೆ, ಪ್ಲೇಟ್ ಹಾಕಬೇಕು. ಕಿಡ್ನಿ ಕೆಟ್ಟಿದೆ, ದಿನಾ ಡ್ರಿಪ್ ಬೇಕು, ಅದರ ಮೇಲೆ ವಾರವಾರ ರಕ್ತ ಪರೀಕ್ಷೆ. ಅವರು ‘ನಾಯಿಗೆ ನೋವಾಗ್ತಿದೆ’ ಅನ್ನುತ್ತಾರೆ, ಖರ್ಚಿನ ಮಾತು ಎತ್ತುವುದಿಲ್ಲ, ನಾಚಿಕೆ. ನಾನೇ ಎತ್ತುತ್ತೇನೆ. ‘ದುಡ್ಡಿನ ತೊಂದರೆ ಇಲ್ಲದಿದ್ದರೆ ಏನು ಮಾಡ್ತಿದ್ರಿ?’ ಅಂತ ನೇರವಾಗಿ ಕೇಳುತ್ತೇನೆ. ಅರ್ಧ ಜನ ಆಗ ಕೂತುಕೊಂಡು ಮಾತಾಡುತ್ತಾರೆ. ಸರ್ಕಾರಿ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಪಶುವೈದ್ಯಕೀಯ ಕಾಲೇಜಿರುವ ಊರಿಗೆ ಹೋಗಲು ಆಗುತ್ತದಾ ಅಂತ ಕೇಳುತ್ತೇನೆ. ಪ್ಲೇಟ್ ಹಾಕದೆ, ಕಾಲನ್ನೇ ತೆಗೆದು ಮೂರು ಕಾಲಿನಲ್ಲಿ ಓಡಾಡುವ ಹಾಗೆ ಮಾಡಬಹುದು ಅಂತಲೂ ಹೇಳುತ್ತೇನೆ. ಮೂರು ಕಾಲಿನ ನಾಯಿ ಬಹಳ ಚೆನ್ನಾಗಿ ಬದುಕುತ್ತದೆ, ನಮಗೇ ಅದನ್ನು ನೋಡಲು ಆಗುವುದಿಲ್ಲ. ಯಾವ ದಾರಿಯೂ ಇಲ್ಲದಿದ್ದರೆ, ನೋವೂ ತಡೆಯಲಾಗದಷ್ಟು ಇದ್ದರೆ, ಬಡತನದ ಕಾರಣಕ್ಕೆ ನಾನು ಇಂಜೆಕ್ಷನ್ ಕೊಟ್ಟಿದ್ದೇನೆ. ಇದನ್ನು ತಪ್ಪು ಅನ್ನುವ ಸಹೋದ್ಯೋಗಿಗಳಿದ್ದಾರೆ. ಅವರು ಚಿಕಿತ್ಸೆಯ ಬಿಲ್ ಬಿಟ್ಟುಕೊಡುತ್ತಾರಾ ಅಂತ ನಾನು ಕೇಳುವುದಿಲ್ಲ, ಕೇಳಿದರೆ ಜಗಳ ಆಗುತ್ತದೆ.

ಮುದಿ ನಾಯಿಗಳ ವಿಷಯದಲ್ಲಿ ಕಾಯಿಲೆಯ ಹೆಸರಿಗಿಂತ ದಿನಚರಿ ಮುಖ್ಯ. ತಾನಾಗಿ ತಿನ್ನುತ್ತದಾ, ಎದ್ದು ಹೋಗಿ ಉಚ್ಚೆ ಹೊಯ್ಯುತ್ತದಾ, ರಾತ್ರಿ ನಿದ್ದೆ ಮಾಡುತ್ತದಾ, ಗೇಟ್ ಸದ್ದಾದರೆ ತಲೆ ಎತ್ತುತ್ತದಾ. ಮನೆಯವರಿಗೆ ಒಂದು ಕೆಲಸ ಕೊಡುತ್ತೇನೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ ಬರೆಯುತ್ತೀರಲ್ಲ, ಅದೇ ಗೋಡೆ ಕ್ಯಾಲೆಂಡರ್‌ನಲ್ಲಿ ನಾಯಿಗೆ ಚೆನ್ನಾಗಿದ್ದ ದಿನಕ್ಕೆ ಟಿಕ್, ಕೆಟ್ಟ ದಿನಕ್ಕೆ ಇಂಟು ಹಾಕಿ ಅಂತ. ಇಂಟು ಜಾಸ್ತಿಯಾದ ವಾರ ಅವರೇ ಫೋನ್ ಮಾಡುತ್ತಾರೆ. ಇದರಿಂದ ಒಂದು ಅನುಕೂಲ ಇದೆ: ಮನೆಯಲ್ಲಿ ಒಬ್ಬರು ಬೇಕು, ಒಬ್ಬರು ಬೇಡ ಅಂತ ಜಗಳ ಇದ್ದರೆ ಕ್ಯಾಲೆಂಡರ್ ಮುಂದೆ ಆ ಜಗಳ ತಣ್ಣಗಾಗುತ್ತದೆ. ಇನ್ನೊಂದು ಸಂಗತಿ ನಮ್ಮ ಕಡೆಯದೇ. ದಿನ ಗೊತ್ತು ಮಾಡಿದ ಮೇಲೆ ‘ಶುಕ್ರವಾರ ಬೇಡ’, ‘ಅಮಾವಾಸ್ಯೆ ಕಳೀಲಿ’, ‘ಹಬ್ಬ ಮುಗಿದ ಮೇಲೆ ನೋಡೋಣ’ ಅನ್ನುತ್ತಾರೆ. ಮೊದಲೆಲ್ಲ ವಾದ ಮಾಡುತ್ತಿದ್ದೆ. ಈಗ ಶನಿವಾರದವರೆಗೆ ಆಗುವಷ್ಟು ನೋವಿನ ಔಷಧ ಬರೆದುಕೊಟ್ಟು ಸುಮ್ಮನಾಗುತ್ತೇನೆ. ಔಷಧಕ್ಕೆ ನೋವು ತಗ್ಗದಿದ್ದರೆ ಮಾತ್ರ ಶುಕ್ರವಾರಾನೂ ಇಲ್ಲ, ಅಮಾವಾಸ್ಯೇನೂ ಇಲ್ಲ ಅಂತ ಗಟ್ಟಿಯಾಗಿ ಹೇಳುತ್ತೇನೆ.

ಒಂದು ಮನೆಯಲ್ಲಿ ಮಾತ್ರ ನನ್ನ ಈ ಲೆಕ್ಕವೆಲ್ಲ ಕೆಲಸಕ್ಕೆ ಬರಲಿಲ್ಲ. ಡ್ಯಾಶ್‌ಹಂಡ್ ನಾಯಿ. ಆ ಜಾತಿಗೆ ಉದ್ದ ಬೆನ್ನು, ಗಿಡ್ಡ ಕಾಲು, ಡಿಸ್ಕ್ ಜಾರುವುದು ಜಾಸ್ತಿ. ಹಿಂದಿನ ಎರಡೂ ಕಾಲು ಬಿದ್ದುಹೋಗಿದ್ದವು. ಬೆರಳ ಸಂದಿಯನ್ನು ಇಕ್ಕಳದಲ್ಲಿ ಒತ್ತಿದರೂ ಗೊತ್ತಾಗುತ್ತಿರಲಿಲ್ಲ. ನೋವೇ ಗೊತ್ತಾಗದ ಸ್ಥಿತಿ ಬಂದು ದಿನಗಳಾದ ಮೇಲೆ ಆಪರೇಷನ್ ಮಾಡಿದರೂ ನಡೆಯುವ ಆಸೆ ಬಹಳ ಕಡಿಮೆ. ಮೂತ್ರ ತಾನಾಗಿ ಬರುವುದಿಲ್ಲ, ದಿನಕ್ಕೆ ಮೂರು ನಾಲ್ಕು ಸಲ ಹೊಟ್ಟೆ ಒತ್ತಿ ತೆಗೆಯಬೇಕು. ತೆಗೆಯದಿದ್ದರೆ ಸೋಂಕು, ಮೈಯೆಲ್ಲ ಹುಣ್ಣು. ನಾನು ಎಲ್ಲ ವಿವರಿಸಿ, ಇದನ್ನು ಮುಂದುವರಿಸುವುದು ನಾಯಿಗೆ ಕಷ್ಟ ಅಂತ ಹೇಳಿದೆ. ಮಂಚದ ಮೇಲೆ ಅಜ್ಜಿ ಕೂತಿದ್ದರು, ಲಕ್ವ ಹೊಡೆದು ಎಡಗೈ ಎಡಗಾಲು ಆಡುತ್ತಿರಲಿಲ್ಲ. ನಾಯಿ ಅವರದೇ. ‘ನನಗೂ ಕಾಲು ಬಿದ್ದೋಗಿದೆ, ನನ್ನೂ ಎತ್ತಿ ಕೂರಿಸ್ತಾರೆ, ನನಗೂ ಒಂದು ಇಂಜೆಕ್ಷನ್ ಕೊಟ್ಬಿಡಮ್ಮ ಹಂಗಾದ್ರೆ’ ಅಂದರು. ಜೋರಾಗಿ ಹೇಳಲಿಲ್ಲ, ಕೋಪ ಕೂಡ ಇರಲಿಲ್ಲ.

ಮಗ ತಲೆ ತಗ್ಗಿಸಿದ. ನಾನು ಅವನ ಕೈ ಹಿಡಿದು ಮೂತ್ರಚೀಲ ಎಲ್ಲಿದೆ ಅಂತ ತೋರಿಸಿದೆ. ನೀರು ತುಂಬಿದ ಬಲೂನಿನ ಹಾಗೆ ಸಿಗುತ್ತದೆ, ಎರಡೂ ಕಡೆಯಿಂದ ಸಮವಾಗಿ ಒತ್ತಬೇಕು, ತಟ್ಟನೆ ಅದುಮಬಾರದು. ಕೊಬ್ಬರಿ ಎಣ್ಣೆ, ಬದಲಿಸಲು ಹಳೇ ಪಂಚೆ, ಕೆಳಗೆ ದಪ್ಪ ಹಾಸಿಗೆ. ನಾಯಿ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿತ್ತು. ಕೆಲವು ತಿಂಗಳು ಬದುಕಿತು, ಆ ತಿಂಗಳಲ್ಲಿ ಎರಡು ಸಲ ಮೂತ್ರದ ಸೋಂಕಾಗಿ ಬಹಳ ನರಳಿತು. ನಾಯಿಯನ್ನು ಮಾತ್ರ ನೋಡಿದರೆ ಮೊದಲೇ ಮುಗಿಸಿದ್ದರೆ ಚೆನ್ನಾಗಿತ್ತು ಅಂತಲೇ ನನಗೆ ಇವತ್ತಿಗೂ ಅನ್ನಿಸುವುದು. ಆದರೆ ಆ ಅಜ್ಜಿಯ ಎದುರು ನಿಂತು ಆ ಮಾತನ್ನು ಎರಡನೇ ಸಲ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಕ್ಲಿನಿಕ್ಕಿಗೆ ಬರುವ ಪ್ರಾಣಿ ಯಾವತ್ತೂ ಒಂಟಿಯಾಗಿ ಬರುವುದಿಲ್ಲ, ಮನೆ ಸಮೇತ ಬರುತ್ತದೆ.

ಆರೋಗ್ಯವಾಗಿರುವ ನಾಯಿಗೂ ಕೇಳುತ್ತಾರೆ. ಅಪಾರ್ಟ್‌ಮೆಂಟಿಗೆ ಹೋಗ್ತಿದ್ದೀವಿ, ಮಗಳ ಹತ್ತಿರ ಫಾರಿನ್‌ಗೆ ಹೋಗ್ತಿದ್ದೀವಿ, ಬೇರೆ ಯಾರ ಹತ್ತಿರಾನೂ ಇರಲ್ಲ ಅದು ಅಂತ. ನಾನು ಕೊಡುವುದಿಲ್ಲ. ಆದರೆ ಇಲ್ಲ ಅಂದ ಕೂಡಲೇ ನನ್ನ ಕೈ ಶುದ್ಧವಾಯಿತು ಅಂತಲೂ ಅಂದುಕೊಳ್ಳುವುದಿಲ್ಲ, ಯಾಕಂದರೆ ಅದೇ ನಾಯಿಯನ್ನು ಯಾವುದೋ ರಿಂಗ್ ರೋಡ್ ಪಕ್ಕ ಇಳಿಸಿ ಹೋಗುವವರಿದ್ದಾರೆ. ಹಾಗಾಗಿ ಅಲ್ಲೇ ಫೋನ್ ತೆಗೆದು ಫೋಟೊ ಹೊಡೆದು ಗೊತ್ತಿರುವ ಗುಂಪುಗಳಿಗೆ ಹಾಕುತ್ತೇನೆ, ಹೊರಡುವ ದಿನಕ್ಕೆ ಎಷ್ಟು ಸಮಯ ಇದೆ ಕೇಳುತ್ತೇನೆ. ಕಚ್ಚುವ ನಾಯಿ ಇದಕ್ಕಿಂತ ಕಷ್ಟ. ಮೊದಲು ನೋವಿದೆಯಾ ನೋಡುತ್ತೇನೆ. ಕಿವಿ ಕೀವಾಗಿರಬಹುದು, ಹಲ್ಲು ಕೊಳೆತಿರಬಹುದು, ಸೊಂಟ ಸವೆದಿರಬಹುದು. ಮಗು ಮೇಲೆ ಬಿದ್ದಾಗ ನೋವಿಗೆ ಕಚ್ಚಿದ್ದನ್ನು ಜನ ‘ಹುಚ್ಚು ಸ್ವಭಾವ’ ಅನ್ನುತ್ತಾರೆ. ಅದೆಲ್ಲ ನೋಡಿಯಾದ ಮೇಲೂ ಯಾವ ಕಾರಣವೂ ಇಲ್ಲದೆ ಮಗುವಿನ ಮುಖಕ್ಕೇ ಹೋಗುವ ದೊಡ್ಡ ನಾಯಿ, ಮನೆಯಲ್ಲಿ ಅದೇ ಮಗು, ತೆಗೆದುಕೊಳ್ಳುವವರು ಯಾರೂ ಇಲ್ಲ ಅಂದಾಗ ಕೊಟ್ಟಿದ್ದೇನೆ. ಅದು ನೋವಿನಿಂದ ಬಿಡಿಸಿದ್ದು ಅಂತ ಹೇಳಿಕೊಳ್ಳುವುದಿಲ್ಲ. ಮಗುವಿಗೋಸ್ಕರ ಕೊಂದದ್ದು.

ಬೀದಿನಾಯಿಗಳಿಗೆ ಬೇರೆ ನಿಯಮ ಇದೆ, ಬಹಳ ಜನರಿಗೆ ಗೊತ್ತಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ವಾಸಿಯಾಗದ ಕಾಯಿಲೆ ಅಥವಾ ಉಳಿಯದಷ್ಟು ಗಾಯ ಇದೆ ಅಂತ ಸ್ಥಳೀಯ ಸಮಿತಿ ನೇಮಿಸಿದ ತಂಡ ಹೇಳಬೇಕು, ಆಮೇಲೆ ಅರ್ಹ ಪಶುವೈದ್ಯರು ಮಾತ್ರ ಮಾಡಬೇಕು, ಇನ್ನೊಂದು ನಾಯಿಯ ಎದುರಿಗೆ ಮಾಡಬಾರದು. ಕಂಡಕಂಡ ನಾಯಿಯನ್ನು ಕೊಲ್ಲುತ್ತಿದ್ದ ಕಾಲ ನೋಡಿದರೆ ಈ ನಿಯಮ ಬೇಕಿತ್ತು. ಆದರೆ ರಾತ್ರಿ ಹತ್ತು ಗಂಟೆಗೆ ಯಾರೋ ಪುಣ್ಯಾತ್ಮರು ಲಾರಿ ಹತ್ತಿದ ನಾಯಿಯನ್ನು ರಟ್ಟಿನ ಡಬ್ಬದಲ್ಲಿ ತಂದಾಗ ತಂಡವನ್ನು ಎಲ್ಲಿಂದ ತರಲಿ? ಆಗಲೂ ಅದೇ ಕ್ರಮ. ನೋವು ಗೊತ್ತಾಗದಷ್ಟು ಅರಿವಳಿಕೆ ಕೊಟ್ಟು, ಬೆಚ್ಚಗೆ ಮಲಗಿಸಿ, ಏನು ಕೊಟ್ಟೆ, ಯಾವಾಗ ಕೊಟ್ಟೆ ಅಂತ ಬರೆದಿಟ್ಟು, ಬೆಳಿಗ್ಗೆ ಸಂಬಂಧಪಟ್ಟವರಿಗೆ ಫೋನ್. ಬಹಳಷ್ಟು ನಾಯಿಗಳು ಬೆಳಗಿನವರೆಗೆ ಇರುವುದಿಲ್ಲ.

ರೇಬೀಸ್ ಅನುಮಾನ ಇದ್ದರಂತೂ ಲೆಕ್ಕವೇ ಬೇರೆ. ಹುಚ್ಚುನಾಯಿ ಅಂದರೆ ಬೊಗಳುತ್ತಾ ಅಟ್ಟಿಸಿಕೊಂಡು ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸುಮ್ಮನೆ ಮೂಲೆ ಹಿಡಿಯುವ ರೇಬೀಸೂ ಇದೆ. ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ನೀರು ನುಂಗಲು ಆಗುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಮನೆಯವರು ಬಾಯಿಗೆ ಕೈ ಹಾಕಿ ಹುಡುಕಿಕೊಂಡೇ ಬಂದಿರುತ್ತಾರೆ. ನಾನು ನಾಯಿಯನ್ನು ಬಿಟ್ಟು ಮೊದಲು ಅವರ ಕೈ ನೋಡುತ್ತೇನೆ. ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆಸಿ, ಅಲ್ಲಿಂದ ಸೀದಾ ಆಸ್ಪತ್ರೆಗೆ. ಲಸಿಕೆ ಇವತ್ತೇ ಶುರು, ನಾಯಿ ಏನಾಗುತ್ತೆ ಅಂತ ಕಾಯುವ ಹಾಗಿಲ್ಲ. ಬೀದಿನಾಯಿಗೆ ರೇಬೀಸ್ ಅನುಮಾನ ಬಲವಾಗಿದ್ದರೆ ಪ್ರತ್ಯೇಕವಾಗಿಟ್ಟು ತಾನಾಗಿ ಸಾಯುವವರೆಗೆ ಬಿಡಬೇಕು ಅಂತ ಅದೇ 2023ರ ನಿಯಮ ಹೇಳುತ್ತದೆ, ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ ಅಂತಲೂ. ಆ ಹತ್ತು ದಿನ ಹೇಗಿರುತ್ತವೆ ಅಂತ ನೋಡಿದವರಿಗೆ ಗೊತ್ತು. ಕಬ್ಬಿಣದ ಸರಳು ಕಚ್ಚಿ ಹಲ್ಲು ಮುರಿದುಕೊಳ್ಳುತ್ತವೆ. ಬದುಕಿರುವ ನಾಯಿಯಲ್ಲಿ ಇದು ರೇಬೀಸೇ ಅಂತ ಖಚಿತವಾಗಿ ಹೇಳಲಾಗದು, ಸತ್ತ ಮೇಲೆ ಮೆದುಳು ಪರೀಕ್ಷೆ ಆಗಬೇಕು, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ, ನಿಮ್ಹಾನ್ಸ್‌ನಲ್ಲಿ ಆ ವ್ಯವಸ್ಥೆ ಇದೆ. ಹಾಗಾಗಿ ಆತುರ ಬೇಡ ಅನ್ನುವ ವಾದಕ್ಕೂ ಅರ್ಥ ಇದೆ, ರೇಬೀಸ್ ಅಂತ ಹಣೆಪಟ್ಟಿ ಹಚ್ಚಿ ಬೇರೆ ಕಾಯಿಲೆಯ ನಾಯಿಯನ್ನು ಕೊಲ್ಲುವುದು ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಲಕ್ಷಣ ಸ್ಪಷ್ಟವಾಗಿ ಕಂಡು, ಇಬ್ಬರು ವೈದ್ಯರು ಒಪ್ಪಿದರೆ ಆ ನಾಯಿಯನ್ನು ಕಾಯಿಸಬಾರದು.

ಇನ್ನು ಹೇಗೆ ಮಾಡುತ್ತೇನೆ ಅನ್ನುವುದು. ದಿನದ ಕೊನೆಯ ಅಪಾಯಿಂಟ್‌ಮೆಂಟ್ ಕೊಡುತ್ತೇನೆ, ಹೊರಗೆ ಲಸಿಕೆಗೆ ಬಂದ ಮರಿಗಳ ಗದ್ದಲ ಇರಬಾರದು. ಆಗುವುದಾದರೆ ಮನೆಗೇ ಹೋಗುತ್ತೇನೆ. ಒಪ್ಪಿಗೆ ಪತ್ರಕ್ಕೆ ಮೊದಲೇ ಸಹಿ. ಜೊತೆಗಿರುತ್ತೀರಾ, ಹೊರಗಿರುತ್ತೀರಾ ಅಂತ ಕೇಳುತ್ತೇನೆ, ಎರಡೂ ಸರಿ. ನೀವು ಇರಲೇಬೇಕು ಅಂತ ಒತ್ತಾಯ ಮಾಡುವ ಡಾಕ್ಟರುಗಳನ್ನು ಕಂಡರೆ ನನಗೆ ಆಗುವುದಿಲ್ಲ. ಮಕ್ಕಳಿದ್ದರೆ ‘ನಿದ್ದೆ ಮಾಡ್ತಾನೆ’ ಅಂತ ಸುಳ್ಳು ಹೇಳಬೇಡಿ ಅನ್ನುತ್ತೇನೆ. ಅವು ಆಮೇಲೆ ನಿದ್ದೆಗೇ ಹೆದರುತ್ತವೆ. ಮೊದಲು ಮಂಪರಿನ ಇಂಜೆಕ್ಷನ್. ಝೈಲಜೀನ್ ಕೊಟ್ಟರೆ ಕೆಲವು ನಾಯಿಗಳಿಗೆ ವಾಂತಿ ಆಗುತ್ತದೆ, ಅದನ್ನೂ ಮೊದಲೇ ಹೇಳುತ್ತೇನೆ. ಮುಂಗಾಲಿನ ಕೂದಲು ಬೋಳಿಸಿ ಕ್ಯಾನ್ಯುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿ, ಸ್ವಲ್ಪ ಸಲೈನ್ ಬಿಟ್ಟು ರಕ್ತನಾಳದಲ್ಲೇ ಇದೆಯಾ ನೋಡುತ್ತೇನೆ, ಯಾಕಂದರೆ ಕೊನೆಯ ಇಂಜೆಕ್ಷನ್ ಆದ ಥಯೋಪೆಂಟೋನ್ ನಾಳದ ಹೊರಗೆ ಹೋದರೆ ಉರಿಯುತ್ತದೆ. ಅದು ತೆಳು ಹಳದಿ ಪುಡಿ, ನೀರು ಹಾಕಿ ಕುಲುಕಿದಾಗ ಸಣ್ಣಗೆ ಬೆಳ್ಳುಳ್ಳಿ ವಾಸನೆ. ಅರಿವಳಿಕೆಗೆ ಕೊಡುವ ಔಷಧವೇ, ಇಲ್ಲಿ ಬಹಳ ಜಾಸ್ತಿ ಹೋಗುತ್ತದೆ ಅಷ್ಟೆ. ಪ್ರಜ್ಞೆ ಮೊದಲು ಹೋಗುತ್ತದೆ, ಆಮೇಲೆ ಉಸಿರು, ಆಮೇಲೆ ಹೃದಯ. ಕಣ್ಣು ತೆರೆದೇ ಇರುತ್ತದೆ, ಮೂತ್ರ ಹೋಗಬಹುದು, ಹೃದಯ ನಿಂತ ಮೇಲೂ ಒಂದೆರಡು ಸಲ ಎದೆ ಎಳೆದುಕೊಳ್ಳಬಹುದು. ಇದನ್ನು ಮುಂಚೆ ಹೇಳದಿದ್ದರೆ ಮನೆಯವರು ‘ಇನ್ನೂ ಬದುಕಿದೆ, ಉಳಿಸಿ’ ಅಂತ ಕಿರುಚಿಕೊಳ್ಳುತ್ತಾರೆ. ಸ್ಟೆತಸ್ಕೋಪ್ ಇಟ್ಟು ಕೆಲವು ನಿಮಿಷ ಕೇಳಿ, ಕಣ್ಣಿನ ಕರಿಗುಡ್ಡೆ ಮುಟ್ಟಿ ನೋಡಿ, ಆಮೇಲೇ ಹೇಳುವುದು. ಹೃದಯ ನಿಲ್ಲಿಸುವ ಮೆಗ್ನೀಷಿಯಂ ಸಲ್ಫೇಟನ್ನೋ ಪೊಟ್ಯಾಸಿಯಂ ಕ್ಲೋರೈಡನ್ನೋ ಎಚ್ಚರ ಇರುವ ಪ್ರಾಣಿಗೆ ನೇರವಾಗಿ ಚುಚ್ಚುವುದನ್ನು ನಾನು ದಯಾಮರಣ ಅಂತ ಕರೆಯುವುದಿಲ್ಲ. ಅಗ್ಗ ಅಂತ ಹಾಗೆ ಮಾಡುವವರಿದ್ದಾರೆ. ಪೂರ್ತಿ ಅರಿವಳಿಕೆ ಆದ ಮೇಲೆ ಮಾತ್ರ ಅವಕ್ಕೆ ಜಾಗ.

ಈಗ ಹಸುವಿನ ಮಾತು. ಕರು ಹಾಕಿದ ಮಾರನೇ ದಿನ ಎಚ್‌ಎಫ್ (ಜಾಸ್ತಿ ಹಾಲು ಕೊಡುವ ವಿದೇಶಿ ತಳಿ) ಹಸು ಬಿತ್ತು ಅಂದರೆ ಮೊದಲ ಅನುಮಾನ ಕ್ಯಾಲ್ಸಿಯಂ. ಬಾಟಲಿ ನಿಧಾನಕ್ಕೆ ರಕ್ತಕ್ಕೆ ಬಿಡುತ್ತಾ ಎದೆಬಡಿತ ಕೇಳುತ್ತಿದ್ದರೆ, ಅರ್ಧ ಆಗುವಷ್ಟರಲ್ಲಿ ಮೈ ನಡುಗುತ್ತದೆ, ತೇಗು ಬರುತ್ತದೆ, ಸಗಣಿ ಹಾಕುತ್ತದೆ, ಎದ್ದೇ ನಿಲ್ಲುತ್ತದೆ. ಪಶುವೈದ್ಯರಿಗೆ ಇಷ್ಟು ಬೇಗ ಒಳ್ಳೆ ಹೆಸರು ತರುವ ಔಷಧ ಇನ್ನೊಂದಿಲ್ಲ. ಕೆಲವು ಏಳುವುದಿಲ್ಲ. ರಾತ್ರಿಯೆಲ್ಲ ಒಂದೇ ಮಗ್ಗುಲಿಗೆ ಬಿದ್ದಿದ್ದರೆ ಅದರ ಭಾರಕ್ಕೆ ಅದರದೇ ತೊಡೆಯ ಮಾಂಸ, ನರ ನಜ್ಜಾಗಿರುತ್ತದೆ. ಇಲ್ಲವೇ ನುಣುಪು ಸಿಮೆಂಟ್ ನೆಲದಲ್ಲಿ ಏಳಲು ಹೋಗಿ ಹಿಂಗಾಲು ಎರಡೂ ಅಗಲಕ್ಕೆ ಜಾರಿ ತೊಡೆಕೀಲೇ ಕಳಚಿರುತ್ತದೆ. ಬೊಂಬು, ಗೋಣಿಚೀಲ, ಹಗ್ಗ, ಊರಿನ ಹತ್ತು ಗಂಡಸರು, ಎತ್ತಿ ನಿಲ್ಲಿಸುತ್ತಾರೆ, ಬಿಟ್ಟ ಕೂಡಲೇ ಕುಸಿಯುತ್ತದೆ. ಹೀಗೆ ಬಿದ್ದ ಹಸು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಕಣ್ಣು ಚುರುಕಾಗಿರುತ್ತದೆ. ಸಾಯಲು ವಾರಗಳೇ ಬೇಕು.

‘ಇದು ಏಳಲ್ಲ ಯಜಮಾನ್ರೇ’ ಅಂತ ಒಬ್ಬ ಹಿರಿಯ ರೈತರಿಗೆ ಹೇಳಿದ್ದೆ. ‘ಏಳದಿದ್ರೆ ಬ್ಯಾಡ ಬುಡಿ ಡಾಕ್ಟ್ರಮ್ಮ, ಋಣ ಇರೋಗಂಟ ಇರ್ಲಿ’ ಅಂದರು. ಅವರ ಮನೆಯವರು ಆ ಋಣವನ್ನು ನಿಜವಾಗಿಯೂ ತೀರಿಸಿದರು. ಕೊಟ್ಟಿಗೆ ಪಕ್ಕ ಮರಳು ಹಾಸಿ, ಮೇಲೆ ಹುಲ್ಲು ಹಾಕಿ, ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುತ್ತಿದ್ದರು. ಸೊಂಟದ ಮೂಳೆ ಮೇಲೆ ಹುಣ್ಣಾಯಿತು, ಕಾಗೆ ಬಂದು ಕುಕ್ಕುತ್ತಿದ್ದವು, ಅದಕ್ಕೆ ಸೊಸೆ ಹಳೇ ಸೊಳ್ಳೆಪರದೆಯನ್ನು ನಾಲ್ಕು ಗೂಟಕ್ಕೆ ಕಟ್ಟಿದ್ದಳು. ಬೇವಿನ ಎಣ್ಣೆ ಹಚ್ಚುತ್ತಿದ್ದಳು. ಇನ್ನೊಂದು ಊರಿನಲ್ಲಿ ಇಂಥದೇ ಹಸುವನ್ನು ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆದುಕೊಂಡು ಹೋಗಿ ಕೆರೆ ಏರಿ ಕೆಳಗೆ ಬಿಟ್ಟು ಬಂದಿದ್ದರು. ‘ನಾವೇನು ಕೊಂದಿಲ್ವಲ್ಲ’ ಅಂದರು. ಕೊಂದಿರಲಿಲ್ಲ, ನಿಜ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಲ್ಲಿ ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಬಿಟ್ಟುಹೋಗುವುದೇ ಅಪರಾಧ ಅಂತ ಹೇಳಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಜೂನಿಯರ್‌ಗಳು ಕೇಳುತ್ತಾರೆ. ಅದೇ 1960ರ ಕಾಯಿದೆಯ 13ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಸಾಗಿಸಲೂ ಆಗದಷ್ಟು ಗಾಯಗೊಂಡ ಪ್ರಾಣಿ ಕಂಡರೆ, ಮಾಲೀಕ ಇಲ್ಲದಿದ್ದರೆ ಅಥವಾ ಒಪ್ಪದಿದ್ದರೆ, ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಪಶುವೈದ್ಯಾಧಿಕಾರಿಯನ್ನು ಕರೆಸಬಹುದು. ಬದುಕಿಸಿಡುವುದೇ ಕ್ರೌರ್ಯ ಅಂತ ವೈದ್ಯರು ಬರೆದುಕೊಟ್ಟರೆ, ಮ್ಯಾಜಿಸ್ಟ್ರೇಟ್ ಆದೇಶ ಪಡೆದು ಮುಗಿಸಬಹುದು. ನಾನಿದ್ದ ಕಡೆ ಈ ದಾರಿಯಲ್ಲಿ ಒಂದು ಹಸುವಿನ ನೋವೂ ಬೇಗ ಮುಗಿದದ್ದನ್ನು ನೋಡಿಲ್ಲ. ಇನ್ನೊಂದು ಕಡೆ ನಮ್ಮ ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆ. ಹಸು, ಕರು, ಹೋರಿ, ಎತ್ತು, 13 ವರ್ಷದೊಳಗಿನ ಎಮ್ಮೆ ಕೋಣ ಎಲ್ಲ ಅದರಲ್ಲಿ ಬರುತ್ತವೆ. 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಬೇರೆ ದನಗಳಿಗೆ ಅಂಟುವ ಅಪಾಯದ ರೋಗ ಅಂತ ಪಶುವೈದ್ಯಾಧಿಕಾರಿ ಪ್ರಮಾಣಪತ್ರ ಕೊಟ್ಟಂಥ ಕೆಲವು ಸಂದರ್ಭಗಳಲ್ಲಿ ವಿನಾಯಿತಿ ಇದೆ. ತೊಡೆಕೀಲು ಕಳಚಿದ್ದು ಯಾರಿಗೂ ಅಂಟುವುದಿಲ್ಲವಲ್ಲ. ಹೀಗಿರುವಾಗ ಯಾವ ಡಾಕ್ಟರ್ ಪೆನ್ನು ತೆಗೆಯುತ್ತಾರೆ? ವಿಮೆಯಲ್ಲೂ ಒಂದು ಸ್ವಾರಸ್ಯ ಇದೆ. ಬೇಕಂತಲೇ ಕೊಂದರೆ ಪರಿಹಾರ ಇಲ್ಲ, ಆದರೆ ವಾಸಿಯಾಗದ ನೋವಿನಿಂದ ಬಿಡಿಸಲು ವೈದ್ಯರ ಪ್ರಮಾಣಪತ್ರದ ಮೇಲೆ ಮುಗಿಸಿದರೆ ಉಂಟು ಅಂತ ಜಾನುವಾರು ವಿಮೆಯ ಷರತ್ತಿನಲ್ಲೇ ಇರುತ್ತದೆ. ಆ ಸಾಲನ್ನು ಯಾರೂ ಬಳಸುವುದಿಲ್ಲ. ಕಿವಿಯೋಲೆ (ವಿಮೆಯ ನಂಬರಿನ ಬಿಲ್ಲೆ) ಇದೆಯಾ ನೋಡಿಕೊಂಡು, ಹಸು ತಾನಾಗಿ ಸಾಯಲಿ ಅಂತ ಕಾಯುತ್ತಾರೆ. ಸೊಸೈಟಿ ಸಾಲದ ಕಂತು ತಲೆ ಮೇಲಿದ್ದರೆ ಇನ್ನೇನು ಮಾಡುತ್ತಾರೆ.

ಪಾಪ ಪುಣ್ಯದ ಮಾತು ಬಂದಾಗ ನಾನು ಗಾಂಧೀಜಿ ಕರುವಿನ ವಿಷಯ ಹೇಳುತ್ತಿದ್ದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದೆ ನರಳುತ್ತಿತ್ತು, ಅವರೇ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿದರು. ತಮ್ಮ ಪತ್ರಿಕೆಯಲ್ಲಿ ಬರೆದರು ಕೂಡ. ದೇಶದೆಲ್ಲೆಡೆಯಿಂದ ಬೈಗುಳ ಬಂತು. ಹಳ್ಳಿಯಲ್ಲಿ ಇದನ್ನು ಹೇಳಿದರೆ ಕೇಳುತ್ತಾರೆ, ತಲೆಯಾಡಿಸುತ್ತಾರೆ, ‘ಅವ್ರು ದೊಡ್ಡೋರು, ಅವ್ರಿಗೆ ತಡ್ಕಳಾ ಶಕ್ತಿ ಇತ್ತು’ ಅನ್ನುತ್ತಾರೆ. ಆ ಮಾತಿಗೆ ಎದುರುತ್ತರ ಇಲ್ಲ.

ಹಾಗಾಗಿ ಬಿದ್ದ ಹಸುವಿಗೆ ನಾನು ಮಾಡುವುದು ಇಷ್ಟು. ಏಳುವುದಿಲ್ಲ ಅಂತ ನೇರವಾಗಿ ಹೇಳುತ್ತೇನೆ, ಬಾಟಲಿ ಮೇಲೆ ಬಾಟಲಿ ಹಾಕಿ ಆಸೆ ತೋರಿಸುವುದಿಲ್ಲ, ಎತ್ತುವ ಸರ್ಕಸ್ ನಿಲ್ಲಿಸಿ ಅನ್ನುತ್ತೇನೆ. ನೋವಿಗೆ ಮೆಲಾಕ್ಸಿಕ್ಯಾಮ್. ಮರಳು, ನೆರಳು, ನೀರು, ಮಗ್ಗುಲು ಬದಲಿಸುವುದು, ನೊಣಕ್ಕೆ ಪರದೆ. ಕೊನೆಯ ದಿನಗಳಲ್ಲಿ ಒದ್ದಾಟ ಜಾಸ್ತಿಯಾದರೆ ಮಂಪರಿನಲ್ಲೇ ಇಡುತ್ತೇನೆ. ಸಾವನ್ನು ಬೇಗ ತರುವುದಕ್ಕೂ ನೋವು ಗೊತ್ತಾಗದ ಹಾಗೆ ಮಾಡುವುದಕ್ಕೂ ನಡುವಿನ ಗೆರೆ ಅಲ್ಲಿ ಬಹಳ ತೆಳು. ನನ್ನ ಸಿರಿಂಜಿನಲ್ಲಿ ಎಷ್ಟಿದೆ ಅನ್ನುವುದು ನೋವಿನ ಲೆಕ್ಕದಲ್ಲಿ ಮಾತ್ರ ಇರಬೇಕು ಅಂತ ಎಚ್ಚರ ವಹಿಸುತ್ತೇನೆ. ಕುದುರೆಯಲ್ಲಿ ಕಾನೂನು ತಿರುಗುಮುರುಗು. ಗ್ಲ್ಯಾಂಡರ್ಸ್ ಅನ್ನುವ ಅಂಟುರೋಗ ಖಚಿತವಾದರೆ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆಯ ಪ್ರಕಾರ ಅದನ್ನು ಕೊಲ್ಲಲೇಬೇಕು, ಮಾಲೀಕ ಒಪ್ಪಲಿ ಬಿಡಲಿ, ಕುದುರೆ ನೋಡಲು ಗಟ್ಟಿಮುಟ್ಟಾಗಿದ್ದರೂ. ಮನುಷ್ಯರಿಗೆ ಅಂಟುವ ರೋಗ ಅಂದಾಗ ಯಾರಿಗೂ ಪಾಪದ ಪ್ರಶ್ನೆ ಬರುವುದಿಲ್ಲ.

ಹೆಣದ ವಿಷಯ ಬಹಳ ಜನ ಮರೆಯುತ್ತಾರೆ. ಇಂಜೆಕ್ಷನ್ ಕೊಟ್ಟ ದೇಹದಲ್ಲಿ ಔಷಧ ಹಾಗೇ ಉಳಿದಿರುತ್ತದೆ. ಅದನ್ನು ತಿಂದ ನಾಯಿ, ಹದ್ದು, ರಣಹದ್ದು ಸಾಯಬಹುದು. ದನಕ್ಕೆ ನೋವಿಗೆಂದು ಕೊಟ್ಟ ಡೈಕ್ಲೋಫೆನಾಕ್‌ನಿಂದ ರಣಹದ್ದುಗಳು ಸತ್ತು ಮುಗಿಯುತ್ತಾ ಬಂದ ಮೇಲೆ 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು, 2023ರಲ್ಲಿ ಅದೇ ಬಗೆಯ ನೋವಿನ ಔಷಧಗಳಾದ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ಹೋದವು. ರಾಮನಗರದ ರಾಮದೇವರ ಬೆಟ್ಟದಲ್ಲಿ, ಬಂಡೀಪುರ, ನಾಗರಹೊಳೆ ಕಡೆ ಉಳಿದಿರುವವು ಕೆಲವೇ. ಮೆಲಾಕ್ಸಿಕ್ಯಾಮ್ ಅವಕ್ಕೆ ಅಪಾಯ ಮಾಡುವುದಿಲ್ಲ, ಅದಕ್ಕೇ ನನ್ನ ಬ್ಯಾಗಿನಲ್ಲಿ ಅದು ಇರುವುದು. ನಾಯಿ ಇರಲಿ ಕುದುರೆ ಇರಲಿ, ಇಂಜೆಕ್ಷನ್ ಕೊಟ್ಟದ್ದನ್ನು ಆಳವಾಗಿ ಹೂಳಬೇಕು, ಇಲ್ಲವೇ ಸುಡಬೇಕು. ಸುಣ್ಣ, ಉಪ್ಪು ಹಾಕಿ, ಮೇಲೆ ಕಲ್ಲು ಪೇರಿಸಿ, ಬೀದಿನಾಯಿ ಕೆದಕದ ಹಾಗೆ. ಗುಂಡಿ ತೋಡಿಸಿ ಆಮೇಲೆ ಫೋನ್ ಮಾಡಿ ಅಂತಲೇ ಹೇಳುತ್ತೇನೆ.

ಕೊನೆಗೆ, ಇದಕ್ಕೆ ಫೀಸ್ ತಗೋತೀರಾ ಅಂತ ಕೆಲವರು ಸ್ವಲ್ಪ ಚುಚ್ಚಿಯೇ ಕೇಳುತ್ತಾರೆ. ತೆಗೆದುಕೊಳ್ಳುತ್ತೇನೆ. ಪುಕ್ಕಟೆ ಮಾಡಿದರೆ ಚಿಕಿತ್ಸೆಗಿಂತ ಸಾವೇ ಅಗ್ಗ ಅಂತಾಗುತ್ತದೆ, ಆಗ ಊರಿನ ಬೇಡವಾದ ನಾಯಿಗಳೆಲ್ಲ ನನ್ನ ಬಾಗಿಲಿಗೇ ಬರುತ್ತವೆ. ಆದರೆ ದುಡ್ಡನ್ನು ಮೊದಲೇ ಇಸಿದುಕೊಂಡು ಬಿಲ್ ಕೊಟ್ಟುಬಿಡುತ್ತೇನೆ. ಎಲ್ಲ ಮುಗಿದ ಮೇಲೆ ಕೌಂಟರ್ ಮುಂದೆ ನಿಂತು ಚಿಲ್ಲರೆ ಹುಡುಕುವ ಕೆಲಸ ಅವರಿಗೆ ಇರಬಾರದು. ಬೆಲ್ಟು, ಸರಪಳಿ ಬಿಚ್ಚಿ ಅವರ ಕೈಗೆ ಕೊಡುತ್ತೇನೆ, ಬೇಡ ಅಂದರೆ ಒಂದು ವಾರ ಇಟ್ಟಿರುತ್ತೇನೆ, ಸಾಮಾನ್ಯವಾಗಿ ಬಂದು ತೆಗೆದುಕೊಂಡು ಹೋಗುತ್ತಾರೆ.